ಅತಿಥಿ ಹೊರಟ ಮೇಲೆ ಮನೆ ಏನಾಗುತ್ತದೆ?

ಬೇಲೂರು, ಹಳೇಬೀಡುಗಳನ್ನು ನೋಡಲು ರೈಲಿನಲ್ಲಿ ಬರುವವರು ಅರಸೀಕೆರೆಯಲ್ಲಿ ಇಳಿಯುವುದು ಹಳೆಯ ರೂಢಿ. ಕಳೆದ ಚಳಿಗಾಲದಲ್ಲಿ ನಾನೂ ಮೊಮ್ಮಗಳನ್ನು ಕರೆದುಕೊಂಡು ಹಾಗೆಯೇ ಹೋದೆ. ಅರಸೀಕೆರೆಯ ಶಿವಾಲಯವನ್ನು ನೋಡಿಕೊಂಡು ಜಾವಗಲ್ ಮಾರ್ಗವಾಗಿ ಹಳೇಬೀಡಿಗೆ, ಅಲ್ಲಿಂದ ಬೇಲೂರಿಗೆ ನಮ್ಮ ಪ್ರಯಾಣ. ಚೆನ್ನಕೇಶವ ದೇವಾಲಯದ ಹೊರಗೋಡೆಯ ಬಳಿ ಮಾರ್ಗದರ್ಶಿಯೊಬ್ಬರು ಪ್ರವಾಸಿಗರ ಗುಂಪಿಗೆ ವಿವರಿಸುತ್ತಿದ್ದರು: ‘ಈ ಕಲ್ಲು ನೆಲದಿಂದ ತೆಗೆದಾಗ ಬೆಣ್ಣೆಯ ಹಾಗೆ ಮೃದು. ಗಾಳಿ, ಬಿಸಿಲಿಗೆ ಅದರೊಳಗಿನ ನೀರೆಲ್ಲ ಆರಿ ಈಗ ಕಬ್ಬಿಣದಂತಾಗಿದೆ. ಬೇಕಾದರೆ ಮುಟ್ಟಿ ನೋಡಿ.’ ಹತ್ತಾರು ಕೈಗಳು ಮುಂದೆ ಬಂದವು. ಮೊಮ್ಮಗಳು ನನ್ನ ಕಡೆ ತಿರುಗಿ, ‘ತಾತ, ನೀರು ಹೋದರೆ ಕಲ್ಲೇ ಬೇರೆಯಾಗಿಬಿಡುತ್ತಾ?’ ಎಂದು ಕೇಳಿದಳು.

ಓದಿದ್ದು ಅರ್ಥಶಾಸ್ತ್ರ, ದುಡಿದದ್ದು ಸರ್ಕಾರಿ ಕಚೇರಿಗಳಲ್ಲಿ. ರಸಾಯನಶಾಸ್ತ್ರದ ಪ್ರಶ್ನೆಗೆ ‘ಗೊತ್ತಿಲ್ಲ ಮಗು’ ಎಂದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಆದರೆ ನೀರು ಹೋದರೆ ವಸ್ತು ಏನಾಗುತ್ತದೆ ಎಂಬ ಈ ಪ್ರಶ್ನೆ ಸುಮಾರು ಮೂವತ್ತು ವರ್ಷಗಳ ಹಿಂದೆ ನನ್ನ ಮೇಜಿನ ಮೇಲೆಯೇ ಬಂದಿತ್ತು. ಅಂದು ನಾನು ಅದಕ್ಕೆ ತಪ್ಪು ಉತ್ತರ ಕೊಟ್ಟೆ. ಅದರ ಬೆಲೆ ತೆತ್ತವರು ಬೇರೆಯವರು.

ಬಿಳಿಚಿಕೊಂಡ ಮೈಲುತುತ್ತ

ಆಗ ನಾನು ಮಲೆನಾಡಿನ ಅಂಚಿನ ಒಂದು ತಾಲ್ಲೂಕಿನಲ್ಲಿ ಕಂದಾಯ ಅಧಿಕಾರಿಯಾಗಿದ್ದೆ. ಮಳೆಗಾಲಕ್ಕೆ ಮುಂಚೆ ಅಡಿಕೆ, ಕಾಫಿ, ಮೆಣಸಿನ ತೋಟಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವುದು ಆ ಸೀಮೆಯ ತಪ್ಪದ ಕೆಲಸ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬುದು ಅದರ ಸರಳ ಲೆಕ್ಕ. ಬೆರೆಸಿದ ಮೇಲೆ ಹೊಳೆಯುವ ಕತ್ತಿಯನ್ನು ಅದರಲ್ಲಿ ಅದ್ದುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ ಈ ಸಿಂಪಡಣೆಯನ್ನು ನಮ್ಮ ರೈತರಿಗೆ ಪರಿಚಯಿಸಿದರು. ನೂರು ವರ್ಷ ದಾಟಿದರೂ ಅದಿನ್ನೂ ಉಳಿದಿದೆ.

ಮೇ ತಿಂಗಳ ಕೊನೆಯಲ್ಲಿ ರೈತರ ಗುಂಪೊಂದು ದೂರು ತಂದಿತು. ಸಹಕಾರ ಸಂಘವೊಂದರ ಗೋದಾಮಿನಲ್ಲಿದ್ದ ಮೈಲುತುತ್ತ ಕಲಬೆರಕೆಯಾಗಿದೆ ಎಂಬುದು ಆರೋಪ. ನಾನು ಹೋಗಿ ನೋಡಿದೆ. ಗಾಢ ನೀಲಿಯಾಗಿ ಹೊಳೆಯಬೇಕಾದ ಹರಳುಗಳ ಮೈಮೇಲೆ ಬೂದಿ ಬಳಿದಂತೆ ಮಾಸಲು ಬಿಳುಪು. ಬೆರಳಿನಿಂದ ಉಜ್ಜಿದರೆ ಪುಡಿ ಉದುರುತ್ತಿತ್ತು. ತೂಕ ಹಾಕಿಸಿದರೆ ಐವತ್ತು ಕಿಲೋ ಚೀಲದಲ್ಲಿ ಒಂದು ಕಿಲೋದಷ್ಟು ಕಡಿಮೆ. ಬಣ್ಣ ಕೆಟ್ಟಿದೆ, ತೂಕ ಇಳಿದಿದೆ. ಇನ್ನೇನು ಸಾಕ್ಷಿ ಬೇಕು?

ಸಂಘದ ಕಾರ್ಯದರ್ಶಿ ವಯಸ್ಸಾದವರು. ‘ಸಾರ್, ಒಂದು ಲೋಟ ನೀರು ತರಿಸಿ’ ಎಂದರು. ಆ ಬಿಳಿಯ ಪುಡಿಯ ಮೇಲೆ ನಾಲ್ಕು ಹನಿ ನೀರು ಬಿಟ್ಟರು. ಪುಡಿ ನೋಡನೋಡುತ್ತಲೇ ನೀಲಿಯಾಯಿತು. ‘ಇದು ಕಲಬೆರಕೆಯಲ್ಲ ಸಾರ್, ಒಣಗಿದೆ ಅಷ್ಟೆ. ತಗಡಿನ ಮಾಡಿನ ಕೆಳಗೆ ಮೂರು ತಿಂಗಳು ಬೇಸಿಗೆ ಕಳೆದಿದೆ’ ಎಂದರು. ಅದು ನನಗೆ ಜಾತ್ರೆಯ ಕೈಚಳಕದಂತೆ ಕಂಡಿತು. ದಾಸ್ತಾನು ಮುಟ್ಟಬಾರದೆಂದು ಆದೇಶಿಸಿದೆ, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದೆ, ಅವರ ಅಮಾನತಿಗೆ ಶಿಫಾರಸು ಬರೆದೆ.

ವರದಿ ಬರುವ ಹೊತ್ತಿಗೆ ಮಳೆ ಹಿಡಿದು ವಾರಗಳಾಗಿದ್ದವು. ತಾಮ್ರದ ಅಂಶ ನಿಗದಿತ ಪ್ರಮಾಣಕ್ಕಿಂತ ಕಡಿಮೆಯಿಲ್ಲ, ಕೊಂಚ ಹೆಚ್ಚೇ ಇದೆ ಎಂದು ಅದರಲ್ಲಿತ್ತು. ಅಷ್ಟರಲ್ಲಿ ಹಣವಿದ್ದ ತೋಟಗಾರರು ಬೇರೆ ಊರಿನಿಂದ ಮೈಲುತುತ್ತ ತರಿಸಿಕೊಂಡಿದ್ದರು. ಎರಡು, ಮೂರು ಎಕರೆಯವರು ಸಿಂಪಡಣೆಯಿಲ್ಲದೆ ಮಳೆಗೆ ಬಿಟ್ಟಿದ್ದರು. ನಾನು ಕಡತದ ಮೇಲೆ ‘ಪ್ರಕರಣ ಮುಕ್ತಾಯಗೊಳಿಸಿದೆ’ ಎಂದು ಒಂದು ಸಾಲು ಬರೆದು ಸಹಿ ಹಾಕಿದೆ. ಕಾರ್ಯದರ್ಶಿ ಮರಳಿ ಕೆಲಸಕ್ಕೆ ಸೇರಿ ಮುಂದಿನ ವರ್ಷ ನಿವೃತ್ತರಾದರು. ಅವರಲ್ಲಿ ಕ್ಷಮೆ ಕೇಳಬೇಕೆಂದು ನನಗೆ ಆಗ ತೋಚಲೇ ಇಲ್ಲ.

ಲೆಕ್ಕ ಸರಳವಾಗಿತ್ತು. ಮೈಲುತುತ್ತದ ಹರಳಿನಲ್ಲಿ ತಾಮ್ರದ ಸಲ್ಫೇಟಿನ ಪ್ರತಿ ಘಟಕಕ್ಕೂ ಐದು ನೀರಿನ ಅಣುಗಳಿರುತ್ತವೆ. ನೂರು ಕಿಲೋ ಹರಳಿನಲ್ಲಿ ಸುಮಾರು 36 ಕಿಲೋ ನೀರೇ. ಕೈಗೆ ಒಣಗಿದಂತೆ ಕಾಣುವ ವಸ್ತುವಿನ ಮೂರನೆಯ ಒಂದು ಭಾಗಕ್ಕೂ ಮೀರಿ ನೀರಿದೆ ಎಂಬುದು ನನಗೆ ತಿಳಿದಿರಲಿಲ್ಲ. ಬಿಸಿಗೆ ಮೊದಲು ಎರಡು ಅಣು ಹೊರಡುತ್ತವೆ, ಆಮೇಲೆ ಮತ್ತೆರಡು. ಕೊನೆಯದು 200 ಡಿಗ್ರಿ ದಾಟಿದ ಮೇಲೆ. ಬಿಸಿಲಿನ ಗೋದಾಮಿನಲ್ಲಿ ಮೇಲ್ಮೈಯ ಹರಳುಗಳು ಮೊದಲ ಎರಡನ್ನು ಕಳೆದುಕೊಳ್ಳಲು ತೊಡಗಿದ್ದವು. ನೀರು ಹೋದಂತೆ ತೂಕ ಇಳಿಯಿತು. ತಾಮ್ರ ಎಲ್ಲಿಗೂ ಹೋಗಲಿಲ್ಲ. ಹಾಗಾಗಿ ಆ ಚೀಲದ ಒಂದು ಕಿಲೋದಲ್ಲಿ ರೈತನಿಗೆ ಸಿಗುತ್ತಿದ್ದ ತಾಮ್ರ ಮೊದಲಿಗಿಂತ ತುಸು ಹೆಚ್ಚು. ನಾನು ಕಳ್ಳತನದ ಸಾಕ್ಷಿ ಎಂದುಕೊಂಡ ಎರಡೂ ಸಂಗತಿಗಳು ನಿರಪರಾಧದ ಸಾಕ್ಷಿಗಳಾಗಿದ್ದವು.

ಅತಿಥಿ, ನೆಂಟ, ಮನೆಯವರು

ಇದನ್ನು ತಿಳಿಯಬೇಕೆಂಬ ಹಟ ಹುಟ್ಟಿದ್ದು ನಿವೃತ್ತಿಯ ಅನಂತರ. ಓದಿದಷ್ಟರಲ್ಲಿ ಮನಸ್ಸಿಗೆ ಹಿಡಿಸಿದ್ದು ರಸಾಯನಶಾಸ್ತ್ರಜ್ಞರು ಬಳಸುವ ಎರಡು ಮಾತುಗಳು: ಆತಿಥೇಯ ಮತ್ತು ಅತಿಥಿ. ಹರಳೆಂದರೆ ಅಣುಗಳು ಕ್ರಮ ತಪ್ಪದೆ ಜೋಡಿಕೊಂಡ ಮನೆ. ಕೆಲವು ವಸ್ತುಗಳ ಹರಳಿನಲ್ಲಿ ಜೋಡಣೆಯ ನಡುವೆ ಖಾಲಿ ಜಾಗ ಉಳಿಯುತ್ತದೆ. ಅಲ್ಲಿ ನೀರೋ ಮದ್ಯಸಾರವೋ ಯಾವುದೋ ಅನಿಲವೋ ಬಂದು ತಂಗುತ್ತದೆ. ಇಂಥ ಒಂದು ಬಗೆಯ ಹರಳಿಗೆ 1948ರಲ್ಲಿ ಆಕ್ಸ್‌ಫರ್ಡಿನ ಪೊವೆಲ್ ‘ಕ್ಲಾಥ್ರೇಟ್’ ಎಂದು ಹೆಸರಿಟ್ಟರು. ಲ್ಯಾಟಿನ್ ಮೂಲದ ಆ ಪದದ ಅರ್ಥ ಜಾಲರಿಯುಳ್ಳದ್ದು ಎಂದು. ಬೇಲೂರಿನ ನವರಂಗದ ಸುತ್ತ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಕೂರಿಸಿದ ಜಾಲಂಧ್ರಗಳನ್ನು ನೋಡಿದವರಿಗೆ ಈ ಕಲ್ಪನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅತಿಥಿ ಹೊರಟ ಮೇಲೆ ಮನೆ ಏನಾಗುತ್ತದೆ? ಸ್ಥೂಲವಾಗಿ ಮೂರು ಬಗೆ. ಮೊದಲನೆಯದು, ಮನೆ ಹಾಗೆಯೇ ನಿಲ್ಲುವುದು. ಜಿಯೋಲೈಟ್ ಎಂಬ ಖನಿಜ ಹೀಗೆ. ಕಾಯಿಸಿದರೆ ಒಳಗಿನ ನೀರು ಹಬೆಯಾಗಿ ಹೊರಬರುವುದರಿಂದ 1756ರಲ್ಲಿ ಸ್ವೀಡನ್ನಿನ ಕ್ರೊನ್‌ಸ್ಟೆಟ್ ಅದಕ್ಕೆ ‘ಕುದಿಯುವ ಕಲ್ಲು’ ಎಂಬ ಅರ್ಥದ ಹೆಸರು ಕೊಟ್ಟರು. ನೀರು ಹೋದರೂ ಅದರ ಚೌಕಟ್ಟು ಕುಸಿಯದು. ತೆರವಾದ ಕೋಣೆಗಳಿಗೆ ಬೇರೆ ಅತಿಥಿಗಳನ್ನು ಬಿಟ್ಟುಕೊಳ್ಳಬಹುದು.

ಎರಡನೆಯದು, ಮನೆ ಬೇರೆ ವಿನ್ಯಾಸಕ್ಕೆ ಹೊರಳುವುದು. ಮೈಲುತುತ್ತದ್ದು ಈ ಜಾತಿ. ಕಟ್ಟುನಿಟ್ಟಾಗಿ ನೋಡಿದರೆ ಅಲ್ಲಿನ ನೀರು ಬರಿಯ ಅತಿಥಿಯಲ್ಲ. ಐದರಲ್ಲಿ ನಾಲ್ಕು ಅಣುಗಳು ತಾಮ್ರವನ್ನು ನೇರವಾಗಿ ಹಿಡಿದುಕೊಂಡಿರುತ್ತವೆ. ನೆಂಟರು ಎನ್ನುವುದೇ ಸರಿ. ನೆಂಟರು ಹೊರಟಂತೆಲ್ಲ ಉಳಿದವರು ಹತ್ತಿರ ಸರಿದು ಹೊಸದಾಗಿ ಜೋಡಿಕೊಳ್ಳುತ್ತಾರೆ. ಐದು ನೀರಿನ ಹರಳು, ಮೂರರದು, ಒಂದರದು, ನೀರೇ ಇಲ್ಲದ್ದು ನಾಲ್ಕಕ್ಕೂ ಒಳರಚನೆ ಬೇರೆ ಬೇರೆ. ಜೋಡಣೆ ಬದಲಾಗುವ ರಭಸಕ್ಕೆ ಒಂದೇ ದೊಡ್ಡ ಹರಳು ಉಳಿಯಲಾರದೆ ಪುಡಿಯಾಗುತ್ತದೆ. ನಾನು ಬೆರಳಿನಲ್ಲಿ ಉಜ್ಜಿದ್ದು ಅದನ್ನೇ. ಹರಳುಗಳೊಳಗೆ ಅಣುಗಳು ಕ್ರಮವಾಗಿ ನಿಂತಿವೆ ಎಂಬುದು ಜಗತ್ತಿಗೆ ಮೊದಲು ಕಣ್ಣಾರೆ ತಿಳಿದದ್ದೂ ಈ ಮೈಲುತುತ್ತದಿಂದಲೇ: 1912ರಲ್ಲಿ ಮ್ಯೂನಿಕ್ಕಿನಲ್ಲಿ ಲಾವೆಯ ಸಲಹೆಯಂತೆ ಫ್ರೀಡ್ರಿಕ್, ನಿಪ್ಪಿಂಗ್ ಇಬ್ಬರೂ ಎಕ್ಸ್-ಕಿರಣವನ್ನು ಮೊದಲು ಹಾಯಿಸಿದ್ದು ಮೈಲುತುತ್ತದ ಹರಳಿನ ಮೂಲಕ.

ಅತಿಥಿಯನ್ನು ಹೇಗೆ ಕಳಿಸಿದೆವು ಎಂಬುದೂ ಮುಖ್ಯ. ಕಾಯಿಸಿ ಅವಸರದಲ್ಲಿ ಹೊರಗಟ್ಟಿದರೆ ಒಂದು ರೂಪ, ಒಣಗಾಳಿಯಲ್ಲಿ ನಿಧಾನವಾಗಿ ಬಿಟ್ಟರೆ ಇನ್ನೊಂದು ರೂಪ ಸಿಗುವ ವಸ್ತುಗಳಿವೆ. ಕೆಲವೊಮ್ಮೆ ಯಾವ ಕ್ರಮವೂ ಉಳಿಯದೆ ಅಸ್ತವ್ಯಸ್ತ ರಾಶಿಯಾಗುವುದೂ ಉಂಟು.

ಮೂರನೆಯ ಬಗೆಯಲ್ಲಿ, ನಾವು ಅತಿಥಿ ಎಂದುಕೊಂಡದ್ದು ಮನೆಯವರೇ ಆಗಿರುತ್ತಾರೆ. ಅವರನ್ನು ಹೊರಹಾಕಿದರೆ ಆ ಮನೆಯೇ ಇರುವುದಿಲ್ಲ. ಬೇಲೂರಿನ ಕಲ್ಲಿನ ಕಥೆ ಇದು. ಅದಕ್ಕೆ ಮತ್ತೆ ಬರುತ್ತೇನೆ.

ಮಾತ್ರೆಯ ಡಬ್ಬಿಯಿಂದ ಸುಪ್ರೀಂ ಕೋರ್ಟಿಗೆ

ಇದೆಲ್ಲ ಪ್ರಯೋಗಾಲಯದ ಕುತೂಹಲ ಎಂದು ಓದುಗರು ಭಾವಿಸಬಾರದು. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪಿನ್ ಎಂಬ ಹಳೆಯ ಔಷಧವಿದೆ. ಮಾತ್ರೆಯಲ್ಲಿರುವುದು ಅದರ ನೀರಿಲ್ಲದ ಹರಳು. ತೇವವಾದ ಜಾಗದಲ್ಲಿಟ್ಟರೆ ಅದು ನೀರಿನ ಅಣುಗಳನ್ನು ಒಳಕ್ಕೆ ಬಿಟ್ಟುಕೊಂಡು ಬೇರೆ ಹರಳಾಗುತ್ತದೆ, ಮಾತ್ರೆ ಗಟ್ಟಿಯಾಗುತ್ತದೆ, ಹೊಟ್ಟೆಯಲ್ಲಿ ಕರಗುವುದು ನಿಧಾನವಾಗುತ್ತದೆ. ಹೀಗೆ ಪರಿಣಾಮದ ಮೂರನೆಯ ಒಂದು ಭಾಗದವರೆಗೆ ನಷ್ಟವಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಕರು 1990ರ ಸುಮಾರಿಗೇ ಎಚ್ಚರಿಸಿದ್ದರು. ಮಾತ್ರೆಯ ಬಣ್ಣ ಕೆಡುವುದಿಲ್ಲ, ಅವಧಿ ಮೀರಿರುವುದಿಲ್ಲ. ಆದರೂ ರೋಗಿಗೆ ಮತ್ತೆ ಮೂರ್ಛೆ ಬರಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳೇ ಬೆವರುವ ಮಲೆನಾಡಿನಲ್ಲಿ ಔಷಧಗಳನ್ನು ಹೇಗೆ ಇಡುತ್ತೇವೆ ಎಂಬುದು ಅಲ್ಪ ಸಂಗತಿಯಲ್ಲ. ‘ಒಣಗಿದ ಜಾಗದಲ್ಲಿಡಿ’ ಎಂದು ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುವುದಕ್ಕೆ ದೊಡ್ಡ ಕಾರಣವಿದೆ. ಅದನ್ನು ಸ್ನಾನದ ಮನೆಯ ಕಪಾಟಿನಲ್ಲಿಡುವುದು ನಮ್ಮ ನಗರದ ಮನೆಗಳಲ್ಲೂ ರೂಢಿಯಾಗಿದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇನ್ನೂ ಕುತೂಹಲದ ಪ್ರಶ್ನೆ ಬೇರೊಂದಿದೆ. ಅತಿಥಿಯನ್ನು ಸೇರಿಸಿಯೋ ತೆಗೆದೋ ಹರಳಿನ ರೂಪ ಬದಲಿಸಿದರೆ ಸಿಗುವುದು ಹೊಸ ವಸ್ತುವೇ? ಹೊಸದಾದರೆ ಅದಕ್ಕೆ ಇಪ್ಪತ್ತು ವರ್ಷಗಳ ಪೇಟೆಂಟ್ ಕೊಡಬೇಕು; ಅಷ್ಟು ಕಾಲ ಬೆಲೆ ಕಟ್ಟುವ ಹಕ್ಕು ಒಬ್ಬರ ಕೈಯಲ್ಲಿರುತ್ತದೆ. ಹಳೆಯದೇ ಆದರೆ ಯಾರು ಬೇಕಾದರೂ ತಯಾರಿಸಬಹುದು, ಬೆಲೆ ಇಳಿಯುತ್ತದೆ. 2005ರಲ್ಲಿ ತಿದ್ದುಪಡಿಯಾದ ನಮ್ಮ ಪೇಟೆಂಟ್ ಕಾಯಿದೆಯ 3(ಡಿ) ಕಲಮು ಈ ಪ್ರಶ್ನೆಗೆ ಉತ್ತರಿಸುತ್ತದೆ: ತಿಳಿದಿರುವ ವಸ್ತುವಿನ ಹೊಸ ರೂಪ, ಅದರ ಪರಿಣಾಮಕಾರಿತ್ವ ಹೆಚ್ಚಿದ್ದ ಹೊರತು, ಆವಿಷ್ಕಾರವಲ್ಲ. ಕ್ಯಾನ್ಸರ್ ಔಷಧ ಗ್ಲಿವೆಕ್‌ನ ಬೀಟಾ ಹರಳುರೂಪಕ್ಕೆ ನೊವಾರ್ಟಿಸ್ ಕಂಪನಿ ಕೇಳಿದ ಪೇಟೆಂಟನ್ನು ಸುಪ್ರೀಂ ಕೋರ್ಟು 2013ರ ಏಪ್ರಿಲ್ 1ರಂದು ನಿರಾಕರಿಸಿದ್ದು ಈ ಕಲಮಿನ ಆಧಾರದ ಮೇಲೆ. ಹೊಸ ರೂಪ ಸರಾಗವಾಗಿ ಹರಿಯುತ್ತದೆ, ಹೆಚ್ಚು ಸ್ಥಿರವಾಗಿದೆ, ಗಾಳಿಯ ತೇವವನ್ನು ಕಡಿಮೆ ಹೀರುತ್ತದೆ ಎಂಬುದು ಕಂಪನಿಯ ವಾದ. ಇವು ತಯಾರಕರಿಗೂ ದಾಸ್ತಾನಿಗೂ ಅನುಕೂಲವಿರಬಹುದು, ರೋಗ ಗುಣಪಡಿಸುವ ಶಕ್ತಿ ಹೆಚ್ಚಿತೆಂದು ಇದರಿಂದ ಸಿದ್ಧವಾಗದು ಎಂಬುದು ನ್ಯಾಯಾಲಯದ ನಿಲುವು.

ನಾನು ಈ ತೀರ್ಪನ್ನು ಒಪ್ಪುವವನು. ಆದರೆ ಕಾರ್ಬಮಜೆಪಿನ್ನಿನ ಕಥೆ ತಿಳಿದ ಮೇಲೆ ಒಂದು ಮಾತು ಸೇರಿಸಬೇಕೆನಿಸುತ್ತದೆ. ತೇವವನ್ನು ತಡೆಯುವ ಹರಳು ಕೇವಲ ಗೋದಾಮಿನ ಅನುಕೂಲವಲ್ಲ. ಮಳೆನಾಡಿನ ರೋಗಿಗೆ ಅದು ಮಾತ್ರೆ ಕೆಲಸ ಮಾಡುವುದಕ್ಕೂ ಮಾಡದಿರುವುದಕ್ಕೂ ಇರುವ ವ್ಯತ್ಯಾಸ. ಅಂಥ ಸುಧಾರಣೆಗೆ ಏಕಸ್ವಾಮ್ಯದ ಬಹುಮಾನ ಬೇಡ, ಸರಿ. ಹಾಗಾದರೆ ಅದನ್ನು ಯಾರು ಮಾಡಬೇಕು? ಸಾರ್ವಜನಿಕ ಹಣದ ಪ್ರಯೋಗಾಲಯಗಳು ಮಾಡಬೇಕು. ಬೆಂಗಳೂರಿನಲ್ಲಿ ಅದಕ್ಕೆ ಬೇಕಾದ ವಿದ್ಯೆ ಇದೆ. ಹರಳುಗಳನ್ನು ಬೇಕಾದಂತೆ ರೂಪಿಸುವ ಶಾಸ್ತ್ರದ ಕುರಿತು 1989ರಲ್ಲೇ ಮೊದಲ ಗ್ರಂಥಗಳಲ್ಲೊಂದನ್ನು ಬರೆದ ಗೌತಮ್ ದೇಸಿರಾಜು ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ಸಿ.ಎನ್.ಆರ್. ರಾವ್ ಕಟ್ಟಿದ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ತೆರೆದ ಚೌಕಟ್ಟಿನ ವಸ್ತುಗಳ ಮೇಲೆ ದಶಕಗಳ ಕೆಲಸ ನಡೆದಿದೆ.

ಈ ವಿದ್ಯೆಗೆ ಸಿಕ್ಕ ಜಾಗತಿಕ ಮನ್ನಣೆ 2025ರ ರಸಾಯನಶಾಸ್ತ್ರದ ನೊಬೆಲ್. ಸುಸುಮು ಕಿಟಗಾವ, ರಿಚರ್ಡ್ ರಾಬ್ಸನ್, ಓಮರ್ ಯಾಘಿ ಈ ಮೂವರಿಗೆ ಅದು ಸಂದದ್ದು ಲೋಹ ಮತ್ತು ಸಾವಯವ ಅಣುಗಳಿಂದ ವಿಶಾಲ ಕೋಣೆಗಳ ಚೌಕಟ್ಟು ಕಟ್ಟಿದ್ದಕ್ಕೆ. ರಾಬ್ಸನ್ 1989ರಲ್ಲಿ ತಾಮ್ರದಿಂದಲೇ ಕಟ್ಟಿದ ಚೌಕಟ್ಟು ಸುಂದರವಾಗಿತ್ತು, ಆದರೆ ಸುಲಭವಾಗಿ ಕುಸಿಯುತ್ತಿತ್ತು. ಕಿಟಗಾವ 1997ರಲ್ಲಿ ಅನಿಲ ಬಂದು ಹೋದರೂ ಕೆಡದ ಚೌಕಟ್ಟು ತೋರಿಸಿದರು. 1999ರಲ್ಲಿ ಯಾಘಿ ಕಟ್ಟಿದ್ದು ಖಾಲಿಯಾಗಿಯೇ 300 ಡಿಗ್ರಿ ಬಿಸಿಯನ್ನು ತಾಳಿತು. ಮೂವರ ಸಾಧನೆಯನ್ನೂ ಒಂದು ವಾಕ್ಯದಲ್ಲಿ ಹೇಳಬಹುದು: ಅತಿಥಿ ಹೋದರೂ ಬೀಳದ ಮನೆಯನ್ನು ಅವರು ಕಟ್ಟಿದರು. ಮರುಭೂಮಿಯ ಗಾಳಿಯಿಂದ ನೀರು ಹಿಡಿಯಲೂ ಇಂಗಾಲದ ಡೈಆಕ್ಸೈಡನ್ನು ಸೆರೆಹಿಡಿಯಲೂ ಈ ಮನೆಗಳು ಬಳಕೆಯಾಗಬಲ್ಲವು.

ಮತ್ತೆ ಬೇಲೂರಿನ ಕಲ್ಲಿಗೆ

ಹಾಗಾದರೆ ಮೊಮ್ಮಗಳ ಪ್ರಶ್ನೆಗೆ ಉತ್ತರವೇನು? ಹೊಯ್ಸಳರ ದೇವಾಲಯಗಳ ಕಲ್ಲನ್ನು ನಾವು ಬಳಪದ ಕಲ್ಲು ಎನ್ನುತ್ತೇವೆ. ಅದರಲ್ಲಿ ಮುಖ್ಯವಾಗಿ ಇರುವುದು ಕ್ಲೋರೈಟ್, ಟಾಲ್ಕ್‌ಗಳಂಥ ಪದರ ಪದರದ ಖನಿಜಗಳು. ಇವುಗಳಲ್ಲಿಯೂ ನೀರಿನ ಅಂಶವಿದೆ. ಟಾಲ್ಕ್‌ನಲ್ಲಿ ತೂಕದ ನೂರಕ್ಕೆ ಸುಮಾರು 5ರಷ್ಟು. ಆದರೆ ಅದು ಕೋಣೆಯಲ್ಲಿ ತಂಗಿದ ಅತಿಥಿಯಲ್ಲ, ಗೋಡೆಯ ಇಟ್ಟಿಗೆಗಳಲ್ಲೇ ಸೇರಿಹೋಗಿದೆ. ಟಾಲ್ಕ್‌ನಿಂದ ಅದನ್ನು ಹೊರಡಿಸಲು ಸುಮಾರು 800 ಡಿಗ್ರಿ ಮೀರಿದ ಕಾವು ಬೇಕು. ಆಗ ಪದರಗಳ ಮನೆ ಕುಸಿದು ಎನ್‌ಸ್ಟಟೈಟ್ ಎಂಬ ಬೇರೆಯೇ ಖನಿಜ ಹುಟ್ಟುತ್ತದೆ. ಗಡಸುತನದ ಹತ್ತರ ಅಳತೆಯಲ್ಲಿ ಟಾಲ್ಕ್ 1, ಎನ್‌ಸ್ಟಟೈಟ್ 5ರಿಂದ 6. ಸಿಂಧೂ ಕಣಿವೆಯ ಕುಶಲಕರ್ಮಿಗಳಿಗೆ ಇದು ತಿಳಿದಿತ್ತು. ಅವರು ಮೆದುವಾದ ಬಳಪದ ಕಲ್ಲಿನಲ್ಲಿ ಸಣ್ಣ ಮಣಿಗಳನ್ನೂ ಮುದ್ರೆಗಳನ್ನೂ ಕೊರೆದು, ಆಮೇಲೆ ಕುಲುಮೆಯಲ್ಲಿ ಸುಟ್ಟು ಬಿಳಿಯಾಗಿ ಗಟ್ಟಿಯಾಗಿಸುತ್ತಿದ್ದರು.

ಬೇಲೂರಿನ ದೇವಾಲಯವನ್ನು ಯಾರೂ ಕುಲುಮೆಗೆ ಹಾಕಲಿಲ್ಲ. ನೆಲದಿಂದ ಆಗತಾನೇ ತೆಗೆದ ಕಲ್ಲಿನ ಸಂದುಗಳಲ್ಲಿ ಒಂದಿಷ್ಟು ತೇವವಿರುವುದು ನಿಜ. ಅದು ಆರುವಾಗ ಕರಗಿದ ಖನಿಜಾಂಶ ಮೇಲ್ಮೈಗೆ ಬಂದು ಕೂತು ಕಲ್ಲು ತುಸು ಬಿಗಿಯಾಗುವುದೂ ಉಂಟು. ಆದರೆ ಇದು ರಂಧ್ರಗಳು ಹೆಚ್ಚಿರುವ ಮರಳುಗಲ್ಲು, ಸುಣ್ಣಗಲ್ಲುಗಳಿಗೆ ಸಲ್ಲುವಷ್ಟು ಒತ್ತಾದ ಬಳಪದ ಕಲ್ಲಿಗೆ ಸಲ್ಲದು. ಒಳಗಿನ ಖನಿಜವಂತೂ ಬದಲಾಗಿಯೇ ಇಲ್ಲ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದಾಗ ಎಷ್ಟು ಮೃದುವಾಗಿತ್ತೋ ಒಂಬೈನೂರು ವರ್ಷಗಳ ಅನಂತರವೂ ಹೆಚ್ಚುಕಡಿಮೆ ಅಷ್ಟೇ ಮೃದು. ಮಕ್ಕಳು ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪದ ಕುಲವೇ ಅದು. ಬೀಗದ ಕೈಯಿಂದ ಗೀಚಿದರೆ ಗೆರೆ ಮೂಡುತ್ತದೆ. ಗೀಚಿದವರ ಹೆಸರುಗಳನ್ನು ನಮ್ಮ ಎಷ್ಟೋ ಗುಡಿಗಳಲ್ಲಿ ಈಗಲೂ ಓದಬಹುದು.

‘ಕಬ್ಬಿಣದಂತಾಗಿದೆ, ಮುಟ್ಟಿ ನೋಡಿ’ ಎಂಬ ಮಾತು ಆದ್ದರಿಂದ ಬರಿಯ ತಪ್ಪಲ್ಲ, ಅಪಾಯಕಾರಿ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬರುವ ಕೈಗಳು ಹೆಚ್ಚುತ್ತವೆ. ಬೆವರಿನ ಉಪ್ಪು ಕೂಡ ಕಲ್ಲಿನ ಅತಿಥಿಯೇ. ಸಿಮೆಂಟಿನ ತೇಪೆಯಿಂದ ಜಿನುಗುವ ಉಪ್ಪುಗಳು ಇನ್ನೂ ಕೆಟ್ಟವು. ಸೋಡಿಯಂ ಸಲ್ಫೇಟನ್ನೇ ನೋಡಿ: ಸುಮಾರು 32 ಡಿಗ್ರಿಯ ಮೇಲೆ ನೀರಿಲ್ಲದ ಹರಳಾಗಿರುವ ಅದು ತಂಪಿನಲ್ಲಿ ತೇವ ಸಿಕ್ಕರೆ ಹತ್ತು ನೀರಿನ ಅಣುಗಳನ್ನು ಕರೆದುಕೊಂಡು ಮೂರು ಪಟ್ಟಿಗೂ ಮೀರಿ ಹಿಗ್ಗುತ್ತದೆ. ಕಲ್ಲಿನ ಸಂದಿನಲ್ಲಿ ಹಗಲಿಗೊಮ್ಮೆ ಇರುಳಿಗೊಮ್ಮೆ ಅತಿಥಿ ಹೀಗೆ ಹೋಗಿ ಬಂದು ಮಾಡಿದರೆ ಎಂಥ ಶಿಲ್ಪವೂ ಹಕ್ಕಳೆ ಏಳುತ್ತದೆ. ದುರಸ್ತಿಯ ಟೆಂಡರಿಗೆ ಸಹಿ ಹಾಕುವ ಅಧಿಕಾರಿಗೆ ಇಷ್ಟಾದರೂ ತಿಳಿದಿರಬೇಕು. ಮಾರ್ಗದರ್ಶಿಗಳ ತರಬೇತಿಯಲ್ಲಿ ರಾಜರ ವಂಶಾವಳಿಯ ಜೊತೆಗೆ ಕಲ್ಲಿನ ಸ್ವಭಾವಕ್ಕೂ ಅರ್ಧ ಗಂಟೆ ಮೀಸಲಿಟ್ಟರೆ ಖರ್ಚೇನೂ ಆಗದು.

ಅಂದು ಮೊಮ್ಮಗಳಿಗೆ ಇಷ್ಟನ್ನೆಲ್ಲ ಹೇಳಲಾಗಲಿಲ್ಲ. ‘ಕೆಲವು ವಸ್ತು ನೀರು ಹೋದರೆ ಬೇರೆಯಾಗುತ್ತವೆ, ಈ ಕಲ್ಲು ಆಗಿಲ್ಲ, ಇನ್ನೂ ಮೆದುವಾಗಿಯೇ ಇದೆ’ ಎಂದೆ. ಅವಳು ಚಾಚಿದ್ದ ಕೈಯನ್ನು ತಾನಾಗಿಯೇ ಹಿಂದಕ್ಕೆ ತೆಗೆದುಕೊಂಡಳು. ನನಗೆ ಆ ಕ್ಷಣ ನೆನಪಾದದ್ದು ಬಿಳಿಯ ಪುಡಿಯ ಮೇಲೆ ನಾಲ್ಕು ಹನಿ ನೀರು ಬಿಟ್ಟ ಆ ಹಿರಿಯರ ಕೈ. ಅವರು ರಸಾಯನಶಾಸ್ತ್ರ ಓದಿದವರಲ್ಲ, ಗೋದಾಮಿನಲ್ಲಿ ಮೂವತ್ತು ವರ್ಷ ಚೀಲಗಳ ನಡುವೆ ಬದುಕಿ ಕಲಿತವರು. ಪ್ರಯೋಗಾಲಯ ವಾರಗಟ್ಟಲೆ ತೆಗೆದುಕೊಂಡ ಉತ್ತರವನ್ನು ಅವರು ನನ್ನ ಕಣ್ಣೆದುರಿಗೆ ಒಂದು ನಿಮಿಷದಲ್ಲಿ ಕೊಟ್ಟಿದ್ದರು. ನಾನು ನೋಡಿದೆ, ನಂಬಲಿಲ್ಲ. ಅವರು ಈಗಿಲ್ಲ. ಕ್ಷಮೆಯನ್ನು ತಲುಪಿಸುವ ವಿಳಾಸ ಉಳಿದಿಲ್ಲವಾದ್ದರಿಂದ ಇಲ್ಲಿ ಬರೆದಿದ್ದೇನೆ.